ಗುಂಡ್ಯಾನ ಹೊಟ್ಟೆಯ ನೀರು: ಪುಣೆಯಿಂದ ಒಂದು ಎಫ್‌ಐಪಿ ಪ್ರಕರಣ

ಹನ್ನೊಂದು ತಿಂಗಳ ಗಂಡು ಬೆಕ್ಕು. ಹೆಸರು ಗುಂಡ್ಯಾ. ಕೇಸರಿ ಪಟ್ಟೆ, ತೂಕ 2.3 ಕಿಲೋ. ಕೊಥ್ರೂಡಿನ ಒಂದು ಹೌಸಿಂಗ್ ಸೊಸೈಟಿಯಿಂದ ನನ್ನ ಕ್ಲಿನಿಕ್‌ಗೆ ಬಂದಿದ್ದ. ಮನೆಯವರು ಧಾರವಾಡದ ಕಡೆಯವರು. ಅಜ್ಜಿ, ಹಿಂಜವಡಿಯಲ್ಲಿ ಕೆಲಸ ಮಾಡುವ ಮೊಮ್ಮಗ, ಅವನ ಹೆಂಡತಿ. ಆ ಹುಡುಗಿಗೆ ಆಗ ಆರು ತಿಂಗಳು ತುಂಬಿತ್ತು. ಬೆಕ್ಕಿನ ಕಥೆಯಲ್ಲಿ ಬಸುರಿಯ ಮಾತು ಯಾಕೆ ಅಂತ ಕೇಳಬೇಡಿ. ಔಷಧದ ಆಯ್ಕೆ ಕೊನೆಗೆ ಅದರ ಮೇಲೇ ನಿಂತಿತು. ಮನೆಯವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ, ಹೆಸರು ಮಾತ್ರ ಬೆಕ್ಕಿನದು.

ಕೈಯಲ್ಲಿ ಒಂದು ಫೈಲು. ಅದರಲ್ಲಿ ಬೇರೊಂದು ಕಡೆ ಮಾಡಿಸಿದ ರಕ್ತಪರೀಕ್ಷೆಯ ರಿಪೋರ್ಟು. ಒಂದು ಸಾಲಿನ ಮೇಲೆ ಯಾರೋ ಹಳದಿ ಪೆನ್ನು ಎಳೆದಿದ್ದರು: ಕೊರೊನಾ ಆ್ಯಂಟಿಬಾಡಿ, ಪಾಸಿಟಿವ್.

"ಡಾಕ್ಟ್ರ, ಬೆಕ್ಕಿಗೆ ಕೊರೊನಾ ಆಗೇದಂತ. ನಮ್ಮ ಮನ್ಯಾಗ ಯಾರಿಗೂ ಕೆಮ್ಮಿಲ್ಲ, ನೆಗಡಿ ಇಲ್ಲ. ಇದಕ್ಕ ಎಲ್ಲಿಂದ ಬಂತು?" ಅಂದರು ಅಜ್ಜಿ.

ಆ ಸಾಲನ್ನು ಬದಿಗಿಟ್ಟು ಮೊದಲಿನಿಂದ ಹೇಳಿ ಅಂದೆ. ನಾಲ್ಕು ತಿಂಗಳ ಹಿಂದೆ, ಬೀದಿ ಮರಿಗಳನ್ನು ತಂದು ಸಾಕುವ ಒಬ್ಬರ ಫ್ಲ್ಯಾಟಿನಿಂದ ಇವನನ್ನು ತಂದಿದ್ದರು. ಅಲ್ಲಿ ಹದಿನೈದಕ್ಕೂ ಜಾಸ್ತಿ ಬೆಕ್ಕು, ಮಲಮೂತ್ರಕ್ಕೆ ಮಣ್ಣಿನ ಟ್ರೇ ಮೂರೋ ನಾಲ್ಕೋ. ಬಂದ ತಿಂಗಳಲ್ಲೇ ಸಂತಾನಹರಣದ ಆಪರೇಷನ್. ಅದರ ಹಿಂದೆಯೇ ಮನೆಗೆ ಬಣ್ಣ ಹೊಡೆಸಿದರು, ಗುಂಡ್ಯಾ ಹಗಲೆಲ್ಲ ಬಾತ್‌ರೂಮಿನಲ್ಲಿ. ಆಮೇಲೆ ಜ್ವರ ಶುರುವಾಯಿತು. ಬರುತ್ತಿತ್ತು, ಹೋಗುತ್ತಿತ್ತು. ಆ್ಯಂಟಿಬಯಾಟಿಕ್ ಎರಡು ಸಲ ಬದಲಾಯಿಸಿದರೂ ಜ್ವರ ಬಗ್ಗಲಿಲ್ಲ. ಊಟ ಕಡಿಮೆಯಾಯಿತು, ಹೊಟ್ಟೆ ಮಾತ್ರ ಬೆಳೆಯಿತು. "ಹೊಟ್ಟಿ ಬಂದದ, ಮೈಗೂಡ್ಯಾನ ಅಂತ ನಾ ಖುಷಿಪಟ್ಟಿದ್ದೆ ನೋಡ್ರಿ" ಅಂದರು ಅಜ್ಜಿ.

ಮೈಗೂಡಿರಲಿಲ್ಲ. ಬೆನ್ನ ಮೇಲೆ ಕೈಯಾಡಿಸಿದರೆ ಮೂಳೆ ಒಂದೊಂದೂ ಕೈಗೆ ಸಿಗುತ್ತಿತ್ತು. ಹೊಟ್ಟೆಯ ಒಂದು ಪಕ್ಕಕ್ಕೆ ಅಂಗೈ ಇಟ್ಟು ಇನ್ನೊಂದು ಪಕ್ಕ ಬೆರಳಿನಿಂದ ಮೀಟಿದರೆ ಅಲೆ ಬಂದು ಅಂಗೈಗೆ ತಾಗುತ್ತಿತ್ತು. ಜ್ವರ 104 ಡಿಗ್ರಿ. ಕಿವಿಯ ಒಳಭಾಗದಲ್ಲಿ ತುಸು ಹಳದಿ. ಕಣ್ಣು ಸರಿಯಿತ್ತು, ನಡಿಗೆ ಸರಿಯಿತ್ತು. ನನ್ನ ಅನುಮಾನ ಎಫ್‌ಐಪಿ, ಅಂದರೆ ಫೆಲೈನ್ ಇನ್‌ಫೆಕ್ಷಿಯಸ್ ಪೆರಿಟೊನೈಟಿಸ್ ಮೇಲಿತ್ತು. ಕಣ್ಣು, ನಡಿಗೆ ಯಾಕೆ ನೋಡಬೇಕೆಂದರೆ, ಈ ಕಾಯಿಲೆ ಕಣ್ಣಿಗೋ ಮಿದುಳಿಗೋ ಹತ್ತಿದ್ದರೆ ಔಷಧದ ಪ್ರಮಾಣವೇ ಬೇರೆ.

ಆ ಹಳದಿ ಸಾಲಿನ ಬಗ್ಗೆ

ಬೆಕ್ಕಿಗೆ ಅದರದೇ ಆದ ಕೊರೊನಾ ವೈರಸ್ ಇದೆ. ಕೋವಿಡ್ ಬರುವುದಕ್ಕೆ ಎಷ್ಟೋ ದಶಕ ಮುಂಚಿನಿಂದಲೂ ಇದೆ. ಅದು ಇರುವುದು ಕರುಳಿನಲ್ಲಿ, ಹರಡುವುದು ಮಲದಿಂದ. ಒಂದೇ ಟ್ರೇಯನ್ನು ಹತ್ತು ಬೆಕ್ಕು ಬಳಸುವ ಮನೆಯಲ್ಲಿ ಬಹುತೇಕ ಎಲ್ಲಕ್ಕೂ ತಗುಲುತ್ತದೆ. ಹೆಚ್ಚಿನವಕ್ಕೆ ಏನೂ ಆಗುವುದಿಲ್ಲ. ಆದರೂ ಎರಡು ದಿನ ಭೇದಿ, ಅಷ್ಟೇ. ಹಾಗಾಗಿ ಆ್ಯಂಟಿಬಾಡಿ ಪಾಸಿಟಿವ್ ಅನ್ನುವುದಕ್ಕೆ ಅರ್ಥ ಒಂದೇ: ಈ ಬೆಕ್ಕು ಯಾವಾಗಲೋ ಆ ವೈರಸ್ಸನ್ನು ಕಂಡಿದೆ. ಗುಂಡ್ಯಾ ಬಂದ ಫ್ಲ್ಯಾಟಿನ ಆರೋಗ್ಯವಂತ ಬೆಕ್ಕುಗಳನ್ನು ಪರೀಕ್ಷಿಸಿದ್ದರೂ ಇದೇ ಸಾಲು ಬರುತ್ತಿತ್ತು.

ಕೆಲವು ಬೆಕ್ಕುಗಳಲ್ಲಿ ಮಾತ್ರ ವೈರಸ್ ಒಳಗೇ ಬದಲಾಗುತ್ತದೆ. ನೂರರಲ್ಲಿ ಐದರಿಂದ ಹತ್ತು ಅಂತ ಲೆಕ್ಕ. ವೈರಸ್ಸಿನ ಮೈಮೇಲಿನ ಮುಳ್ಳಿನ (ಸ್ಪೈಕ್) ಪ್ರೋಟೀನು ಮತ್ತೆ ಒಂದೆರಡು ಜೀನುಗಳಲ್ಲಿ ತಿದ್ದುಪಡಿಯಾಗಿ, ಕರುಳು ಬಿಟ್ಟು ಬಿಳಿ ರಕ್ತಕಣಗಳೊಳಗೆ ನುಗ್ಗಿ ಮೈಯೆಲ್ಲ ಓಡಾಡಲು ಕಲಿಯುತ್ತದೆ. ರಕ್ತನಾಳ ಉರಿಯೇಳುತ್ತದೆ, ನೀರು ಸೋರಿ ಹೊಟ್ಟೆಯಲ್ಲೋ ಎದೆಯಲ್ಲೋ ತುಂಬುತ್ತದೆ. ಇದೇ ಎಫ್‌ಐಪಿ. ನೀರು ತುಂಬದೆ ಗಂಟುಗಂಟಾಗುವ ಒಣ ಬಗೆಯೂ ಇದೆ, ಅದನ್ನು ಪತ್ತೆಮಾಡುವುದು ಇನ್ನೂ ಕಷ್ಟ. ಎರಡು ವರ್ಷದೊಳಗಿನ ಬೆಕ್ಕು, ಗುಂಪಿನಲ್ಲಿ ಬೆಳೆದದ್ದು, ಈಚೆಗೆ ಆಪರೇಷನ್ನೋ ಮನೆ ಬದಲಾವಣೆಯೋ ಆದದ್ದು: ಗುಂಡ್ಯಾನಲ್ಲಿ ಮೂರೂ ಇದ್ದವು.

1963ರಲ್ಲಿ ಬಾಸ್ಟನ್ನಿನ ಏಂಜೆಲ್ ಮೆಮೋರಿಯಲ್ ಪ್ರಾಣಿ ಆಸ್ಪತ್ರೆಯ ಜೀನ್ ಹಾಲ್ಜ್‌ವರ್ತ್ ಈ ಕಾಯಿಲೆಯನ್ನು ಮೊದಲು ಬರೆದಿಟ್ಟರು. ಅಲ್ಲಿಂದ ಸುಮಾರು ಐವತ್ತೈದು ವರ್ಷ ಇದರ ಹೆಸರು ಹೇಳಿದರೆ ಡಾಕ್ಟರಿಗೆ ಉಳಿದಿದ್ದ ಕೆಲಸ ಒಂದೇ, ಮನೆಯವರಿಗೆ ಸಮಾಧಾನ ಹೇಳುವುದು. ನಾನು ಬೀದರಿನಲ್ಲಿ ಓದುವಾಗಲೂ ಚಿಕಿತ್ಸೆಯ ಅಂಕಣದಲ್ಲಿ ಬರೆದುಕೊಂಡದ್ದು 'ಇಲ್ಲ' ಅಂತಲೇ.

ನೀರು ತೆಗೆದು ನೋಡಿದ್ದು

ಸಣ್ಣ ಸೂಜಿ, ಐದು ಮಿಲಿಯ ಸಿರಿಂಜು. ಬಂದದ್ದು ಒಣಹುಲ್ಲಿನ ಬಣ್ಣದ ನೀರು, ತಿಳಿ, ಆದರೆ ಅಂಟಂಟು. ಸಿರಿಂಜಿನಿಂದ ಬಿಟ್ಟರೆ ಎಳೆ ಬರುತ್ತಿತ್ತು. ಕುಲುಕಿದರೆ ನೊರೆ. ನೊರೆ ಅಂದರೆ ಪ್ರೋಟೀನು ಜಾಸ್ತಿ.

ಇನ್ನು ರಿವಾಲ್ಟಾ ಪರೀಕ್ಷೆ. ಇಟಲಿಯವರೊಬ್ಬರು ನೂರು ವರ್ಷದ ಹಿಂದೆ ಮನುಷ್ಯರಿಗಾಗಿ ಕಂಡುಹಿಡಿದದ್ದು, ಈಗ ಬೆಕ್ಕಿನ ಡಾಕ್ಟರುಗಳ ಕೈಯಲ್ಲಿ ಉಳಿದಿದೆ. ಗಾಜಿನ ನಳಿಕೆಗೆ ಎಂಟು ಮಿಲಿ ಡಿಸ್ಟಿಲ್ಡ್ ನೀರು, ಒಂದು ಹನಿ ಅಸಿಟಿಕ್ ಆ್ಯಸಿಡ್. ಕಲಸಿ, ಮೇಲಿನಿಂದ ಹೊಟ್ಟೆಯ ನೀರಿನ ಒಂದು ಹನಿ ಬಿಡಬೇಕು. ಕರಗಿ ಮಾಯವಾದರೆ ಎಫ್‌ಐಪಿ ಇರುವ ಸಂಭವ ಕಡಿಮೆ. ಗುಂಡ್ಯಾನ ಹನಿ ಕರಗಲಿಲ್ಲ. ಮೇಲೆ ನಿಂತು, ಬಾಲ ಬಿಟ್ಟು, ಆಕಾರ ಬಿಡದೆ ನಿಧಾನ ಕೆಳಗಿಳಿಯಿತು. ಅಜ್ಜಿ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. "ಉಂಡಿ ಪಾಕ ಬಂತೋ ಇಲ್ಲೋ ಅಂತ ನಾವೂ ಹಿಂಗ ನೀರಾಗ ಹಾಕಿ ನೋಡತೀವಲ್ಲ" ಅಂದರು. ಇಷ್ಟು ಚೆನ್ನಾಗಿ ನನಗೆ ಯಾರೂ ಪಾಠ ಮಾಡಿರಲಿಲ್ಲ.

ಹನಿ ಕರಗದಿದ್ದರೆ ಎಫ್‌ಐಪಿಯೇ ಅಂತಲೂ ಅಲ್ಲ. ಬ್ಯಾಕ್ಟೀರಿಯಾದಿಂದ ಹೊಟ್ಟೆ ಕೀವಾಗಿದ್ದರೂ, ಲಿಂಫೋಮಾ ಅನ್ನುವ ಕ್ಯಾನ್ಸರ್ ಇದ್ದರೂ ಹಾಗಾಗಬಹುದು. ಅದಕ್ಕೆ ಅದೇ ನೀರನ್ನು ಲ್ಯಾಬಿಗೆ ಕಳಿಸಿದೆ. ಕಣಗಳು ಕಡಿಮೆ, ಬ್ಯಾಕ್ಟೀರಿಯಾ ಇಲ್ಲ, ಕ್ಯಾನ್ಸರ್ ಕಣ ಕಾಣಲಿಲ್ಲ. ರಕ್ತದಲ್ಲಿ ಒಟ್ಟು ಪ್ರೋಟೀನು 8.6, ಅದರಲ್ಲಿ ಆಲ್ಬುಮಿನ್ 2.0, ಗ್ಲಾಬ್ಯುಲಿನ್ 6.6. ಎರಡರ ಅನುಪಾತ 0.3. ಅದು 0.4ಕ್ಕಿಂತ ಕೆಳಗಿದ್ದರೆ ಅನುಮಾನ ಗಟ್ಟಿ, 0.8ಕ್ಕಿಂತ ಮೇಲಿದ್ದರೆ ಬೇರೆ ಕಾಯಿಲೆ ಹುಡುಕಬೇಕು. ಮೈ ಹಳದಿ ಮಾಡುವ ಬಿಲಿರುಬಿನ್ ಏರಿತ್ತು, ಲಿಂಫೋಸೈಟು ಅನ್ನುವ ಬಿಳಿ ರಕ್ತಕಣ ಇಳಿದಿತ್ತು. ಕೊನೆಗೆ ನೀರಿನ ಆರ್‌ಟಿ-ಪಿಸಿಆರ್‌ನಲ್ಲಿ ಬೆಕ್ಕಿನ ಕೊರೊನಾ ವೈರಸ್ ಸಿಕ್ಕಿತು. ಮಲದಲ್ಲಿ ಸಿಕ್ಕಿದ್ದರೆ ಲೆಕ್ಕಕ್ಕಿಲ್ಲ. ಹೊಟ್ಟೆಯ ನೀರಿನಲ್ಲಿ ಸಿಕ್ಕಿದೆ ಅಂದರೆ ಅದು ಕರುಳು ದಾಟಿದೆ. ಮೊದಲಿನ ಫೈಲಿನ ಆ ಹಳದಿ ಸಾಲಿಗಿಂತ ಈ ಒಂದು ಸಿರಿಂಜು ನೀರು ಎಷ್ಟೋ ಜಾಸ್ತಿ ಹೇಳಿತು.

ಸೊಸೈಟಿಯವರು ಕೇಳಿದ ಕಾಗದ

ಅಷ್ಟರಲ್ಲಿ ಹಳದಿ ಸಾಲಿನ ಫೋಟೋ ಸೊಸೈಟಿಯ ವಾಟ್ಸ್‌ಆ್ಯಪ್ ಗುಂಪಿಗೆ ಹೋಗಿತ್ತು. ಯಾರು ಹಾಕಿದರೋ ಗೊತ್ತಿಲ್ಲ. ಲಿಫ್ಟಿನ ಪಕ್ಕ ಮರಾಠಿಯಲ್ಲಿ ನೋಟಿಸು ಬಿತ್ತು: ಬರುವ ಭಾನುವಾರದೊಳಗೆ ಕಾಂಪೌಂಡಿನ ಎಲ್ಲ ಬೆಕ್ಕುಗಳನ್ನೂ ಹೊರಗೆ ಸಾಗಿಸಲಾಗುವುದು. ಗುಂಡ್ಯಾ ಮಾತ್ರ ಅಲ್ಲ, ಪಾರ್ಕಿಂಗ್‌ನಲ್ಲಿ ಮಲಗುವ ಬೆಕ್ಕುಗಳೂ ಸೇರಿ.

ಮೊಮ್ಮಗ ನನ್ನನ್ನು ಕಮಿಟಿ ಮೀಟಿಂಗಿಗೆ ಕರೆದುಕೊಂಡು ಹೋದ. ಚೇರ್ಮನ್ ಸಾಹೇಬರು ಕೆಟ್ಟವರೇನಲ್ಲ. 2021ರ ಏಪ್ರಿಲ್ಲಿನಲ್ಲಿ ಆ ಕಟ್ಟಡದಲ್ಲಿ ಸಾವಾಗಿತ್ತು, ಆ ಭಯ ಇನ್ನೂ ಇಳಿದಿರಲಿಲ್ಲ. ಅವರು ಕೇಳಿದ್ದು ಇಷ್ಟು: ಈ ಬೆಕ್ಕಿನಿಂದ ಯಾರಿಗೂ ಯಾವ ಅಪಾಯವೂ ಇಲ್ಲ ಅಂತ ಲೆಟರ್‌ಹೆಡ್ಡಿನ ಮೇಲೆ ಬರೆದುಕೊಡಿ.

ಹಾಗೆ ಬರೆಯಲು ಆಗುವುದಿಲ್ಲ ಅಂದೆ. ಯಾವ ಡಾಕ್ಟರೂ ಹಾಗೆ ಬರೆಯಬಾರದು. ಗೊತ್ತಿರುವುದನ್ನು ಬರೆದುಕೊಟ್ಟೆ.

ಬೆಕ್ಕಿನದು ಆಲ್ಫಾ ಗುಂಪಿನ ವೈರಸ್, ಕೋವಿಡ್‌ನದು ಬೀಟಾ ಗುಂಪು. ಎರಡಕ್ಕೂ ಕೊರೊನಾ ಕುಲನಾಮ ಇದೆ, ಅಷ್ಟೇ. ಎಫ್‌ಐಪಿ ಬೆಕ್ಕಿನಿಂದ ಮನುಷ್ಯರಿಗೆ ಕಾಯಿಲೆ ಬಂದ ದಾಖಲೆ ಇಲ್ಲ. ಕೋವಿಡ್ ವಿಷಯದಲ್ಲಿ ಸೋಂಕು ಹೋದದ್ದು ಹೆಚ್ಚಾಗಿ ನಮ್ಮಿಂದ ಪ್ರಾಣಿಗಳ ಕಡೆಗೆ. 2020ರ ಮಾರ್ಚಿನಲ್ಲಿ ಬೆಲ್ಜಿಯಮ್ಮಿನ ಒಂದು ಸಾಕುಬೆಕ್ಕು, ಏಪ್ರಿಲ್ಲಿನಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್ ಝೂನ ಹುಲಿ. ಅದೇ ವಸಂತದಲ್ಲಿ ಚೀನಾದ ಹಾರ್ಬಿನ್ನಿನ ವಿಜ್ಞಾನಿಗಳು ಬೆಕ್ಕು ಮತ್ತು ಫೆರೆಟ್ಟುಗಳಿಗೆ ಸುಲಭವಾಗಿ ತಗುಲುತ್ತದೆ, ನಾಯಿಗೆ ಅಷ್ಟಾಗಿ ತಗುಲುವುದಿಲ್ಲ, ಹಂದಿ, ಕೋಳಿ, ಬಾತುಗಳಿಗೆ ಇಲ್ಲ ಅಂತ ತೋರಿಸಿದರು. ನಮ್ಮಲ್ಲಿ 2021ರ ಮೇ ತಿಂಗಳಲ್ಲಿ ಹೈದರಾಬಾದಿನ ನೆಹರೂ ಝೂನ ಎಂಟು ಸಿಂಹಗಳಿಗೆ ತಗುಲಿದ್ದನ್ನು ಅಲ್ಲಿನ ಸಂಶೋಧನಾ ಸಂಸ್ಥೆ ಸಿಸಿಎಂಬಿ ದೃಢಪಡಿಸಿತು. ಅವು ಚೇತರಿಸಿಕೊಂಡವು. ಬೆಕ್ಕಿನಿಂದ ಮನುಷ್ಯರಿಗೆ ಕೋವಿಡ್ ಬಂದದ್ದೂ ಇದೆ. ಥಾಯ್ಲೆಂಡಿನಲ್ಲಿ ಒಬ್ಬ ಪಶುವೈದ್ಯೆಯ ಮುಖಕ್ಕೆ ಸೋಂಕಿದ್ದ ಬೆಕ್ಕು ಸೀನಿತ್ತು. ಆದರೆ ಆ ಬೆಕ್ಕಿಗೂ ಅದು ಬಂದದ್ದು ಮಾಲೀಕರಿಂದ.

ಇದರ ಜೊತೆಗೆ ಇನ್ನೊಂದು ಸಂಗತಿಯನ್ನೂ ಬರೆದೆ. ಮಲೇಷ್ಯಾದ ಸರವಾಕ್‌ನಲ್ಲಿ ನ್ಯುಮೋನಿಯಾ ಆಗಿದ್ದ 301 ಜನರ ಮಾದರಿಗಳಲ್ಲಿ ಎಂಟರಲ್ಲಿ ನಾಯಿಯ ಕೊರೊನಾ ವೈರಸ್ಸನ್ನು ಹೋಲುವ, ಬೆಕ್ಕಿನ ವೈರಸ್ಸಿನ ತುಣುಕೂ ಬೆರೆತ ಒಂದು ವೈರಸ್ ಸಿಕ್ಕಿದ್ದು 2021ರಲ್ಲಿ ವರದಿಯಾಯಿತು. ಕಾಯಿಲೆ ತಂದದ್ದು ಅದೇ ಅಂತ ಸಾಬೀತಾಗಿಲ್ಲ. ಮೊಮ್ಮಗ ಕರಡು ಓದಿ, "ಸರ್, ಇದನ್ನ ಸುಮ್ನೆ ಬಿಟ್ಟುಬಿಡಬಹುದಲ್ವಾ" ಅಂದ. ಬಿಡಲಿಲ್ಲ. ನಾಳೆ ಚೇರ್ಮನ್ನರೇ ಅದನ್ನು ಫೋನಿನಲ್ಲಿ ಹುಡುಕಿ ತೆಗೆದರೆ ಇಡೀ ಕಾಗದಕ್ಕೆ ಬೆಲೆ ಇರುವುದಿಲ್ಲ. ಅದರ ಕೆಳಗೆ ಮಾಡಬೇಕಾದ್ದನ್ನು ಬರೆದೆ: ಟ್ರೇ ತೆಗೆದ ಮೇಲೆ ಸೋಪಿನಿಂದ ಕೈ ತೊಳೆಯುವುದು, ಬೆಕ್ಕು ಮನೆಯೊಳಗೇ ಇರುವುದು. ಈ ವೈರಸ್ಸಿಗೆ ಸೋಪು ಸಾಕು.

ಒಬ್ಬ ನಿವೃತ್ತ ಕಾಕಾ, "ಇಲ್ಲೇ ಪಾಷಾಣ್‌ನಲ್ಲಿ ಎನ್‌ಐವಿ ಲ್ಯಾಬ್ ಇದೆಯಲ್ಲ, ಅವರಿಗೆ ಕಳಿಸಿ" ಅಂದರು. ಎನ್‌ಐವಿ ಅಂದರೆ ರಾಷ್ಟ್ರೀಯ ವೈರಾಣು ಸಂಸ್ಥೆ, ಪುಣೆಯವರಿಗೆ ಮನೆಯ ದೇವರು. ಪ್ರಾಣಿಗಳ ಕೊರೊನಾ ಬಗ್ಗೆ ಅವರ ಕೆಲಸ ಇಲ್ಲವೆಂದಲ್ಲ. 2020ರಲ್ಲಿ ಕೇರಳ, ತಮಿಳುನಾಡು, ಪುದುಚೇರಿ, ಹಿಮಾಚಲದ ಎರಡು ಜಾತಿಯ ಬಾವಲಿಗಳಲ್ಲಿ ಬಾವಲಿ ಕೊರೊನಾ ವೈರಸ್ ಇರುವುದನ್ನು ಪ್ರಕಟಿಸಿದ್ದು ಅವರೇ. ಆದರೆ ಹೊಟ್ಟೆ ಉಬ್ಬಿದ ಒಂದು ಮನೆಬೆಕ್ಕಿನ ನೀರಿಗೆ ಪಶುವೈದ್ಯರ ಮಾಮೂಲಿ ಲ್ಯಾಬೇ ಸಾಕು.

ಉಳಿದದ್ದು ಪಾರ್ಕಿಂಗ್ ಬೆಕ್ಕುಗಳ ಪ್ರಶ್ನೆ. ಒಳಗೆ ಬದಲಾದ ವೈರಸ್ ಸಾಮಾನ್ಯವಾಗಿ ಒಂದು ಬೆಕ್ಕಿನಿಂದ ಇನ್ನೊಂದಕ್ಕೆ ಹೋಗುವುದಿಲ್ಲ. ಹರಡುವುದು ಕರುಳಿನ ಸಾಧು ರೂಪ. ಇದಕ್ಕೆ ಹೊರತಾದದ್ದು ಸೈಪ್ರಸ್. 2023ರಲ್ಲಿ ಅಲ್ಲಿ ಬೆಕ್ಕಿನ ಮತ್ತು ನಾಯಿಯ ಕೊರೊನಾ ವೈರಸ್ ಬೆರೆತು ಹುಟ್ಟಿದ ಹೊಸ ತಳಿ ಬೆಕ್ಕಿನಿಂದ ಬೆಕ್ಕಿಗೆ ನೇರವಾಗಿ ಹರಡಿತು. ದ್ವೀಪದ ತುಂಬ ಬೆಕ್ಕುಗಳು ಸಾಯತೊಡಗಿದಾಗ ಸರ್ಕಾರ ಮನುಷ್ಯರ ಕೋವಿಡ್ ಮಾತ್ರೆಗಳ ದಾಸ್ತಾನನ್ನೇ ಬೆಕ್ಕುಗಳಿಗೆ ಬಿಟ್ಟುಕೊಟ್ಟಿತು. ಹಾಗಾಗಿ ಪಾರ್ಕಿಂಗ್‌ನಲ್ಲಿ ಒಟ್ಟಿಗೆ ಎರಡು ಮೂರು ಬೆಕ್ಕಿಗೆ ಹೊಟ್ಟೆ ಉಬ್ಬಿದರೆ ತಕ್ಷಣ ತಿಳಿಸಿ ಅಂದೆ. ಸಾಗಿಸುವ ಮಾತಿಗೆ ಪ್ರಾಣಿ ಜನನ ನಿಯಂತ್ರಣ ನಿಯಮ 2023ರ ಪ್ರತಿ ತೋರಿಸಿದೆ. ಅದರ ಮೇಲೆ ಚರ್ಚೆ ಉದ್ದವಾಗಲಿಲ್ಲ.

ಔಷಧ, ಮತ್ತು ಬಸುರಿ ಹುಡುಗಿ

ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ನೀಲ್ಸ್ ಪೆಡರ್ಸನ್ ಅನ್ನುವ ಪಶುವೈದ್ಯರು ವಿದ್ಯಾರ್ಥಿ ದಿನಗಳಿಂದ ಈ ಕಾಯಿಲೆಯ ಬೆನ್ನು ಹತ್ತಿದ್ದರು. 2019ರಲ್ಲಿ ಅವರ ತಂಡ ಜಿಎಸ್-441524 ಅನ್ನುವ ಔಷಧವನ್ನು 31 ಬೆಕ್ಕುಗಳಿಗೆ ಕೊಟ್ಟ ಫಲ ಪ್ರಕಟಿಸಿತು. ಐದು ಸತ್ತವು, ಅವುಗಳ ಸ್ಥಿತಿ ಮೊದಲೇ ಕೈಮೀರಿತ್ತು. ಉಳಿದ 26 ಬೆಕ್ಕುಗಳು ಹನ್ನೆರಡು ವಾರ ಪೂರೈಸಿದವು. 18ಕ್ಕೆ ಒಂದೇ ಸುತ್ತಿನಲ್ಲಿ ವಾಸಿಯಾಯಿತು. ಎಂಟಕ್ಕೆ ಮರುಕಳಿಸಿ ಮತ್ತೆ ಔಷಧ ಬೇಕಾಯಿತು. ಅಲ್ಲಿಯವರೆಗೆ ಸಾವೇ ಗತಿಯಾಗಿದ್ದ ಕಾಯಿಲೆ ಇದು.

ಈ ಜಿಎಸ್‌ಗೆ ಒಂದು ಬಾಲ ಸೇರಿಸಿದರೆ ಸಿಗುವುದೇ ರೆಮ್ಡೆಸಿವಿರ್. ಬೆಕ್ಕಿನ ರಕ್ತಕ್ಕೆ ರೆಮ್ಡೆಸಿವಿರ್ ಹೋದರೆ ಬೇಗನೆ ಜಿಎಸ್ ಆಗಿ ಬದಲಾಗುತ್ತದೆ. ಎರಡೂ ಗಿಲಿಯಡ್ ಕಂಪನಿಯ ಕೂಸು. ಕಂಪನಿ ಪ್ರಾಣಿಗಳ ಔಷಧವಾಗಿ ಜಿಎಸ್ ಅನ್ನು ಮಾರುಕಟ್ಟೆಗೆ ತರಲಿಲ್ಲ. ಜಗತ್ತಿನಾದ್ಯಂತ ಬೆಕ್ಕು ಸಾಕಿದವರು ಲೇಬಲ್ ಇಲ್ಲದ ಸೀಸೆಗಳನ್ನು ಒಬ್ಬರಿಂದೊಬ್ಬರು ತರಿಸಿಕೊಂಡು ಚುಚ್ಚಿದರು. ಬ್ರಿಟನ್ನಿನಲ್ಲಿ 2021ರಿಂದ, ಅಮೆರಿಕದಲ್ಲಿ 2024ರಿಂದ ಡಾಕ್ಟರ ಚೀಟಿಯ ಮೇಲೆ ತಯಾರಿಸಿಕೊಡುವ ಫಾರ್ಮಸಿಗಳಲ್ಲಿ ಸಿಗುತ್ತದೆ. ಗುಂಡ್ಯಾನ ಯಜಮಾನನಾದ ಮೊಮ್ಮಗನಿಗೂ ಯಾರೋ ಅಂಥ ಸೀಸೆ ತರಿಸಿಕೊಡುವುದಾಗಿ ಹೇಳಿದ್ದರು. ಒಳಗೆ ಏನಿದೆ, ಎಷ್ಟಿದೆ ಅಂತ ಗೊತ್ತಿಲ್ಲದ್ದನ್ನು ನಾನು ಬರೆಯುವುದಿಲ್ಲ. ಹಾಗೆ ತರಿಸಿಕೊಂಡು ಬೆಕ್ಕು ಉಳಿಸಿಕೊಂಡವರನ್ನು ಬಯ್ಯುವುದೂ ಇಲ್ಲ. ಅವರಿಗೆ ಬೇರೆ ದಾರಿ ಇರಲಿಲ್ಲ.

ನಮಗೆ ಇತ್ತು. 2021ರ ಏಪ್ರಿಲ್ಲಿನಲ್ಲಿ ಪುಣೆಯ ಜನ ಔಷಧದಂಗಡಿಗಳ ಮುಂದೆ ಸಾಲು ನಿಂತು ಸಿಗದೆ ಅತ್ತದ್ದು ಇದೇ ರೆಮ್ಡೆಸಿವಿರ್‌ಗೆ. ಮನುಷ್ಯರಲ್ಲಿ ಅದರ ಗುಣ ಅಷ್ಟಕ್ಕಷ್ಟೇ ಎನಿಸಿ, 2020ರ ನವೆಂಬರಿನಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಆಸ್ಪತ್ರೆಯ ರೋಗಿಗಳಿಗೆ ಬೇಡ ಅಂದಿತ್ತು. ಬೆಕ್ಕಿನಲ್ಲಿ ಅದು ಕೆಲಸ ಮಾಡುವಷ್ಟು ನಮ್ಮಲ್ಲಿ ಮಾಡಲಿಲ್ಲ. ಭಾರತದ ಕಂಪನಿಗಳೇ ತಯಾರಿಸಿದ 100 ಮಿಲಿಗ್ರಾಮಿನ ವಯಲ್ ಚೀಟಿಯ ಮೇಲೆ ಸಿಕ್ಕಿತು. ಮನುಷ್ಯರ ಔಷಧವನ್ನು ಪ್ರಾಣಿಗೆ ಬರೆಯುವುದು ನಮ್ಮ ವೃತ್ತಿಯಲ್ಲಿ ದಿನದ ಕೆಲಸ.

ಮೊದಲ ಕೆಲವು ದಿನ ನರಕ್ಕೆ ಡ್ರಿಪ್ಪಿನಲ್ಲಿ, ಆಮೇಲೆ ಚರ್ಮದಡಿ ಇಂಜೆಕ್ಷನ್. ಮೂರನೇ ದಿನಕ್ಕೆ ಜ್ವರ ಇಳಿಯಿತು. ಗುಂಡ್ಯಾ ಅಜ್ಜಿಯ ಕೈಯಿಂದ ಬೇಯಿಸಿದ ಕೋಳಿ ತಿಂದ. ಅದು ಪಕ್ಕಾ ಸಸ್ಯಾಹಾರಿ ಮನೆ. ಕೋಳಿ ಬೇಯುತ್ತಿದ್ದದ್ದು ನಮ್ಮ ಕಾಂಪೌಂಡರನ ಮನೆಯಲ್ಲಿ. ಹೊಟ್ಟೆಯ ನೀರನ್ನು ನಾನು ಪೂರ್ತಿ ತೆಗೆಯಲಿಲ್ಲ. ಉಸಿರಿಗೆ ತೊಂದರೆ ಇಲ್ಲದಿದ್ದರೆ ತೆಗೆಯಬಾರದು, ತಾನಾಗಿ ಇಂಗಬೇಕು. ಎರಡು ವಾರದಲ್ಲಿ ಇಂಗಿತು.

ಆದರೆ ಚರ್ಮದಡಿ ರೆಮ್ಡೆಸಿವಿರ್ ಉರಿಯುತ್ತದೆ. ಹನ್ನೆರಡು ವಾರ ದಿನಾ ಚುಚ್ಚಿದರೆ ಬೆಕ್ಕು ಮನುಷ್ಯರನ್ನೇ ದ್ವೇಷಿಸುತ್ತದೆ. ಬಾಯಿಗೆ ಕೊಡಲು ನಮ್ಮ ಅಂಗಡಿಗಳಲ್ಲಿ ಇರುವುದು ಮೊಲ್ನುಪಿರಾವಿರ್. 2021ರ ಡಿಸೆಂಬರಿನಲ್ಲಿ ಇಲ್ಲಿ ಅನುಮತಿ ಸಿಕ್ಕ ಕೋವಿಡ್ ಕ್ಯಾಪ್ಸೂಲು. ಜಿಎಸ್ ಸೋತ ಬೆಕ್ಕುಗಳಲ್ಲೂ ಇದು ಫಲ ಕೊಟ್ಟ ವರದಿಗಳಿವೆ. ಅಡ್ಡಿ ಎಂದರೆ, ಬಸುರಿಯರು ಅದರ ಹತ್ತಿರ ಹೋಗಬಾರದು. ವೈರಸ್ಸಿನ ಜೀನುಗಳಲ್ಲಿ ತಪ್ಪು ತುಂಬಿಸಿ ಕೊಲ್ಲುವ ಔಷಧ ಅದು. ಹೊಟ್ಟೆಯಲ್ಲಿರುವ ಕೂಸಿಗೆ ಅಪಾಯವಾಗಬಹುದು. ಮನುಷ್ಯರಿಗೆ ಒಂದು ಹೊತ್ತಿಗೆ 200 ಮಿಲಿಗ್ರಾಮಿನ ನಾಲ್ಕು ಕ್ಯಾಪ್ಸೂಲು. ಬೆಕ್ಕಿಗೆ ಒಂದರ ಸಣ್ಣ ಪಾಲು. ಅಂದರೆ ಕ್ಯಾಪ್ಸೂಲು ಬಿಚ್ಚಬೇಕು, ಪುಡಿ ಹಾರುತ್ತದೆ. ಆ ಮನೆಯಲ್ಲಿ ಅದು ಆಗದ ಮಾತು.

ಅಜ್ಜಿಯೇ ದಾರಿ ತೋರಿಸಿದರು. "ಏಳನೇ ತಿಂಗಳಾಗ ಕುಬಸಕ್ಕ ಹುಬ್ಬಳ್ಳಿಗೆ ಹೋಗೂದು ಇದ್ದss ಅದ. ಒಂದೀಟು ಮೊದಲss ಹೋಗಲಿ. ತವರುಮನಿಯವರು ಬ್ಯಾಡ ಅಂತಾರೇನು?" ಹುಡುಗಿ ಹೋಗುವವರೆಗೆ ಇಂಜೆಕ್ಷನ್ನೇ ಮುಂದುವರಿಸಿದೆವು. ಬೆಕ್ಕಿನ ಟ್ರೇಯನ್ನು ಅವಳು ಮೊದಲಿನಿಂದಲೂ ಮುಟ್ಟುತ್ತಿರಲಿಲ್ಲ. ಅದು ಬೆಕ್ಕಿನ ಮಲದಿಂದ ಹರಡಿ ಹೊಟ್ಟೆಯ ಕೂಸಿಗೆ ಅಪಾಯ ತರಬಲ್ಲ ಟಾಕ್ಸೊಪ್ಲಾಸ್ಮಾ ಅನ್ನುವ ಪರೋಪಜೀವಿಯ ಭಯಕ್ಕೆ, ಒಳ್ಳೆಯದೇ. ದಿನಾ ಟ್ರೇ ಖಾಲಿ ಮಾಡಿದರೆ ಆ ಅಪಾಯವೂ ಬಹಳ ತಗ್ಗುತ್ತದೆ. ಅವಳು ರೈಲು ಹತ್ತಿದ ಮೇಲೆ, ಫಾರ್ಮಸಿಯೊಂದರಲ್ಲಿ ತೂಗಿ ಪುಟ್ಟ ಕ್ಯಾಪ್ಸೂಲುಗಳಿಗೆ ತುಂಬಿಸಿ ಮನೆಗೆ ಕಳಿಸಿದೆವು. ಮನೆಯಲ್ಲಿ ಬಿಚ್ಚುವುದು ಬೇಡ, ಕೈಗವಸು ಹಾಕಿ ಇಡಿಯಾಗಿ ನುಂಗಿಸುವುದು. ಅಜ್ಜಿ ಅದನ್ನು ಚೀಸಿನ ಉಂಡೆಯಲ್ಲಿ ಅಡಗಿಸಿ ಬೆಳಿಗ್ಗೆ ಏಳಕ್ಕೆ, ರಾತ್ರಿ ಏಳಕ್ಕೆ ಕೊಡುತ್ತಿದ್ದರು. ದೇವರ ದೀಪದ ಹೊತ್ತು, ಮರೆಯುವ ಮಾತೇ ಇಲ್ಲ.

ಆಮೇಲಿನ ಲೆಕ್ಕ

ಆರನೇ ವಾರ ಬಿಳಿ ರಕ್ತಕಣ ಸ್ವಲ್ಪ ಇಳಿಯಿತು. ಮೀಸೆಯ ಎರಡು ಕೂದಲು ಮುರಿದದ್ದನ್ನು ಅಜ್ಜಿ ಗಮನಿಸಿದರು. ಈ ಔಷಧದಿಂದ ಹೀಗಾಗುವುದು, ಪ್ರಮಾಣ ಜಾಸ್ತಿಯಾದರೆ ಕಿವಿಯ ತುದಿ ಮಡಚುವುದು ಮೊದಲೇ ವರದಿಯಾಗಿದೆ. ಪ್ರಮಾಣ ಹಾಗೇ ಇಟ್ಟು ರಕ್ತ ವಾರಕ್ಕೊಮ್ಮೆ ನೋಡಿದೆ. ಕಣಗಳು ಅಲ್ಲೇ ನಿಂತು ಮತ್ತೆ ಏರಿದವು.

ಅಷ್ಟು ಹೊತ್ತಿಗೆ ಮೊಮ್ಮಗ ಒಂದು ಲೇಖನ ಹಿಡಿದು ಬಂದ. ಮ್ಯೂನಿಕ್ಕಿನವರು 40 ಬೆಕ್ಕುಗಳಲ್ಲಿ, ನೀರು ತುಂಬುವ ಬಗೆಗೆ 84 ದಿನದ ಬದಲು 42 ದಿನ ಜಿಎಸ್ ಕೊಟ್ಟರೂ ಸಾಕು ಅಂತ 2024ರಲ್ಲಿ ತೋರಿಸಿದ್ದರು. ಒಳ್ಳೆಯ ಕೆಲಸ, ಖರ್ಚು ಅರ್ಧವಾಗುತ್ತದೆ. ಆದರೆ ಅವರು ಕೊಟ್ಟದ್ದು ಒಂದೇ ಔಷಧ, ಪ್ರತಿ ಬೆಕ್ಕನ್ನೂ ಹತ್ತಿರದಿಂದ ನೋಡಿಕೊಂಡು. ನಮ್ಮದು ಎರಡು ಔಷಧದ ಬೆರಕೆ. ನಾನು 84ಕ್ಕೇ ಅಂಟಿಕೊಂಡೆ.

ಮುಗಿದಾಗ ತೂಕ 4.1 ಕಿಲೋ, ಅನುಪಾತ 0.9, ಬಿಲಿರುಬಿನ್ ಸರಿ. ಸ್ಕ್ಯಾನಿನಲ್ಲಿ ನೀರಿಲ್ಲ. ಔಷಧ ನಿಲ್ಲಿಸಿದ ಮೇಲೆ ಇನ್ನೂ ಹನ್ನೆರಡು ವಾರ ಕಾದೆವು. ಮರುಕಳಿಸುವುದಿದ್ದರೆ ಹೆಚ್ಚಾಗಿ ಆ ಅವಧಿಯಲ್ಲೇ. ಮರುಕಳಿಸಲಿಲ್ಲ.

ಪಾರ್ಕಿಂಗ್ ಬೆಕ್ಕುಗಳಲ್ಲಿ ಯಾವುದಕ್ಕೂ ಹೊಟ್ಟೆ ಉಬ್ಬಲಿಲ್ಲ. ಲಿಫ್ಟಿನ ಪಕ್ಕದ ನೋಟಿಸು ಯಾರೂ ಏನೂ ಹೇಳದೆ ಹೋಯಿತು, ಅದರ ಜಾಗದಲ್ಲಿ ಬೆಕ್ಕುಗಳಿಗೆ ಅನ್ನ ಹಾಕುವ ಜಾಗ ಮತ್ತು ಹೊತ್ತಿನ ನೋಟಿಸು ಬಂತು. ನನ್ನ ಕಾಗದ ಸೊಸೈಟಿಯ ಫೈಲಿನಲ್ಲಿದೆ.

ಹುಡುಗಿ ಕೂಸನ್ನು ಕರೆದುಕೊಂಡು ಹುಬ್ಬಳ್ಳಿಯಿಂದ ವಾಪಸು ಬಂದ ಮೇಲೆ ಮೊಮ್ಮಗ, ಗುಂಡ್ಯಾನಿಗೆ ಜೊತೆಗೆ ಇನ್ನೊಂದು ಮರಿ ತರಬಹುದಾ ಅಂತ ಕೇಳಿದ. ಸದ್ಯಕ್ಕೆ ಬೇಡ, ಹೊಸ ಮರಿ ಕರುಳಿನ ವೈರಸ್ಸನ್ನು ಮತ್ತೆ ಹೊತ್ತು ತರಬಹುದು ಅಂದೆ. ಅಜ್ಜಿ ನನ್ನ ಮಾತು ಮುಗಿಯುವುದಕ್ಕೂ ಬಿಡಲಿಲ್ಲ. "ಬ್ಯಾಡss ಬ್ಯಾಡ ತಮ್ಮಾ, ಒಂದು ಬೆಕ್ಕು, ಒಂದು ಕೂಸು. ಇಷ್ಟss ಸಾಕಾಗೇದ ನನಗ."